ಮರಣಶಾಸನದ ಗುಮಾಸ್ತ

ನ್ಯಾಯಾಲಯವೆಂದೊಡನೆ ಸಾಮಾನ್ಯ ಜನರ ಕಣ್ಣಿಗೆ ಕಟ್ಟುವ ಚಿತ್ರದಲ್ಲಿ ಮೂವರಿಗೆ ಮಾತ್ರ ಸ್ಥಳವುಂಟು: ಎತ್ತರದ ಪೀಠದ ಮೇಲೆ ಕುಳಿತ ನ್ಯಾಯಾಧೀಶರು, ಕರಿಯ ನಿಲುವಂಗಿಯ ವಕೀಲರು, ಕಟಕಟೆಯಲ್ಲಿ ನಿಂತು ಬೆವರುವ ಸಾಕ್ಷಿ. ಪೀಠದ ಕೆಳಗೆ, ಕಡತಗಳ ಗೋಡೆಯ ಹಿಂದೆ, ತಲೆ ಬಗ್ಗಿಸಿ ಬರೆಯುತ್ತಿರುವ ವ್ಯಕ್ತಿಯತ್ತ ಯಾರ ದೃಷ್ಟಿಯೂ ಹರಿಯುವುದಿಲ್ಲ. ಚಲನಚಿತ್ರದವರಂತೂ ಆತನಿಗೆ ಒಂದು ಮಾತನ್ನೂ ಕೊಟ್ಟವರಲ್ಲ. ಆದರೆ ಕೋರ್ಟಿನ ಮೆಟ್ಟಿಲು ಹತ್ತಿಳಿದ ಅನುಭವಸ್ಥರು ಬಲ್ಲರು, ಕಾಗದವೊಂದು ನ್ಯಾಯಾಧೀಶರ ಕಣ್ಣಿಗೆ ಬೀಳಬೇಕಾದರೆ ಮೊದಲು ಅದು ಆತನ ಕೈ ದಾಟಬೇಕು.

ಇಂಥ ಗುಮಾಸ್ತರಲ್ಲಿಯೂ ಒಬ್ಬನ ಕೆಲಸ ಉಳಿದವರ ಕೆಲಸದಂತಲ್ಲ. ಆತನ ಮೇಜಿಗೆ ಬರುವವು ಸತ್ತವರ ಕಾಗದಗಳು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಈ ವಿಷಯಕ್ಕೆಂದೇ ಪ್ರತ್ಯೇಕ ನ್ಯಾಯಾಲಯಗಳಿವೆ, ಕರ್ನಾಟಕದಲ್ಲಿ ಹಾಗಿಲ್ಲ. ಇಲ್ಲಿ ಜಿಲ್ಲಾ ನ್ಯಾಯಾಲಯ, ಬೆಂಗಳೂರಿನಲ್ಲಾದರೆ ನಗರ ಸಿವಿಲ್ ನ್ಯಾಯಾಲಯ, ಇತರ ವ್ಯಾಜ್ಯಗಳ ಜೊತೆಯಲ್ಲಿಯೇ ಇವನ್ನೂ ನಡೆಸುತ್ತದೆ. ಕಡತದ ಮೇಲೆ ‘ಪಿ ಅಂಡ್ ಎಸ್‌ಸಿ’ ಎಂಬ ಅಕ್ಷರಗಳಿದ್ದರೆ ಅದು ಪ್ರೊಬೇಟ್ ಅಥವಾ ವಾರಸಾ ಪ್ರಮಾಣಪತ್ರದ ಅರ್ಜಿಯೆಂದು ತಿಳಿಯಬೇಕು. ಇತರ ಮೊಕದ್ದಮೆಗಳಲ್ಲಿ ವಾದಿಯೂ ಮಾತನಾಡುತ್ತಾನೆ, ಪ್ರತಿವಾದಿಯೂ ಮಾತನಾಡುತ್ತಾನೆ. ಇಲ್ಲಿ ಯಾರ ಮಾತು ಎಲ್ಲಕ್ಕಿಂತ ಮುಖ್ಯವೋ ಆತ ತೀರಿಕೊಂಡಿದ್ದಾನೆ. ‘ನಾನು ಬರೆದುದು ಹೀಗೆ’ ಎಂದು ಎದ್ದು ನಿಂತು ಹೇಳಲಾರ. ಉಳಿದಿರುವುದು ಆತನ ಒಂದು ಕಾಗದ ಮಾತ್ರ.

ಆ ಕಾಗದಕ್ಕೆ ಕನ್ನಡ ನಾಡಿನಲ್ಲಿಯೇ ಹಲವು ಹೆಸರು. ಹಳೆಯ ಮೈಸೂರಿನವರು ಇಂಗ್ಲಿಷಿನ ಶಬ್ದವನ್ನೇ ನಾಲಗೆಗೆ ಹೊಂದಿಸಿಕೊಂಡು ‘ಉಯಿಲು’ ಎಂದರು. ಧಾರವಾಡ, ಬೆಳಗಾವಿಯ ಕಡೆ ಅದು ‘ಮೃತ್ಯುಪತ್ರ’. ಪಂಡಿತರ ಬರವಣಿಗೆಯಲ್ಲಿ ‘ಮರಣಶಾಸನ’. ಕೊನೆಯ ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ಶಾಸನವೆಂದರೆ ಕಲ್ಲಿನ ಮೇಲೆ, ತಾಮ್ರದ ಮೇಲೆ ಕೊರೆಯಿಸಿದುದು. ಅದನ್ನು ಅಳಿಸಬೇಕಾದರೆ ಉಳಿ ಬೇಕು, ಸುತ್ತಿಗೆ ಬೇಕು, ಊರಿನವರ ಕಣ್ಣು ತಪ್ಪಿಸಬೇಕು. ಕಾಗದದ ಶಾಸನವನ್ನು ಕೆಡಿಸಲು ಒಂದು ಬ್ಲೇಡು ಸಾಕು. ಅದೂ ಬೇಡ, ಬೆಂಕಿಕಡ್ಡಿ ಸಾಕು. ಆದುದರಿಂದಲೇ ಅದನ್ನು ಕಾಯಲು ಒಂದು ಕಾಯಿದೆ, ಒಂದು ಕಛೇರಿ, ಒಬ್ಬ ಗುಮಾಸ್ತ.

ಕಾಯಿದೆಯೆಂದರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಬ್ರಿಟಿಷ್ ಇಂಡಿಯದ ಬಹುಭಾಗದಲ್ಲಿ ಅದಕ್ಕೆ ಮೊದಲು ಹಿಂದೂ ಗೃಹಸ್ಥನೊಬ್ಬ ನಾಲ್ವರ ಮುಂದೆ ಬಾಯಿಮಾತಿನಲ್ಲಿ ಹೇಳಿ ಸತ್ತರೂ ಅದು ಉಯಿಲೆನಿಸಬಹುದಾಗಿತ್ತು. 1927ರ ಜನವರಿ 1ರಿಂದ ಈಚೆಗೆ ಹಿಂದೂಗಳ ಉಯಿಲು ಬರವಣಿಗೆಯಲ್ಲಿರಬೇಕು. ಬರೆಸಿದವನ ರುಜು ಅಥವಾ ಗುರುತು ಇರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಆತ ರುಜು ಹಾಕಿದುದನ್ನು ಕಂಡು, ಅಥವಾ ‘ಇದು ನನ್ನ ರುಜು’ ಎಂದು ಆತನ ಬಾಯಿಂದಲೇ ಕೇಳಿ, ಆತನ ಎದುರಿನಲ್ಲಿ ತಮ್ಮ ರುಜುಗಳನ್ನು ಹಾಕಿರಬೇಕು. ಮುಸಲ್ಮಾನರ ಉಯಿಲುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಛಾಪಾ ಕಾಗದ ಬೇಕೆಂಬುದು ಬರಿಯ ಭ್ರಮೆ. ಶಾಲಾ ಮಕ್ಕಳ ಪುಸ್ತಕದ ಹಾಳೆಯೂ ಆದೀತು. ನೋಂದಣಿ ಮಾಡಿಸುವುದು ಒಳ್ಳೆಯದು, ಆದರೆ ಕಡ್ಡಾಯವಲ್ಲ. ನೋಂದಣಿಯಾದ ಮಾತ್ರಕ್ಕೆ ಉಯಿಲು ಸಿದ್ಧವಾಯಿತೆಂದೂ ಅಲ್ಲ.

ಲ್ಯಾಟಿನ್ ಮೂಲದ ‘ಪ್ರೊಬೇಟ್’ ಶಬ್ದಕ್ಕೆ ಸಿದ್ಧಪಡಿಸುವುದು, ರುಜುವಾತು ಮಾಡುವುದು ಎಂದೇ ಅರ್ಥ. ಇದು ಇಂಥವನ ಕಡೆಯ ಉಯಿಲು, ಇದು ನಿಜವಾದುದು ಎಂದು ನ್ಯಾಯಾಲಯ ಮೊಹರು ಹಾಕಿ ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕನಿಗೆ ಕೊಡುವ ಪತ್ರವೇ ಪ್ರೊಬೇಟ್. ಮನೆ ನಿಜವಾಗಿ ಸತ್ತವನದೇ ಹೌದೇ, ಅಲ್ಲವೇ ಎಂಬ ಪ್ರಶ್ನೆಯನ್ನು ಈ ಅರ್ಜಿಯಲ್ಲಿ ತೀರ್ಮಾನಿಸುವುದಿಲ್ಲ. ಅದಕ್ಕೆ ಬೇರೆಯ ದಾವೆಯೇ ಆಗಬೇಕು. ಈ ಒಂದು ಸಂಗತಿಯನ್ನು ತಿಳಿಯದೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟಿನ ಜಗುಲಿಯ ಮೇಲೆ ಮುಖ ತಿರುಗಿಸಿಕೊಂಡು ಕುಳಿತಿರುವುದುಂಟು. ಕಲ್ಕತ್ತ, ಮದರಾಸು, ಬೊಂಬಾಯಿ ನಗರಗಳಿಗೆ ಸಂಬಂಧಪಟ್ಟ ಹಿಂದೂಗಳ ಉಯಿಲುಗಳಿಗೆ ಪ್ರೊಬೇಟ್ ಇಲ್ಲದಿದ್ದರೆ ಹಕ್ಕೇ ನಿಲ್ಲದೆಂಬ ಕಟ್ಟು ಬಹುಕಾಲ ಇದ್ದಿತು. 2025ರಲ್ಲಿ ಸಂಸತ್ತು ಆ 213ನೆಯ ಕಲಮನ್ನು ಕಾಯಿದೆಯಿಂದ ತೆಗೆದುಹಾಕಿತು. ಕರ್ನಾಟಕದ ಹಿಂದೂ ಕುಟುಂಬಗಳಿಗೆ ಆ ಕಟ್ಟು ಮೊದಲಿನಿಂದಲೂ ಇರಲಿಲ್ಲ. ಆದರೂ ಜನ ಬರುತ್ತಾರೆ. ಒಮ್ಮೆ ಪ್ರೊಬೇಟ್ ದೊರೆತರೆ ಉಯಿಲಿನ ಸತ್ಯಾಸತ್ಯತೆಯನ್ನು ಮುಂದೆ ಬ್ಯಾಂಕಾಗಲಿ ಬಂಧುವಾಗಲಿ ಕೆದಕುವಂತಿಲ್ಲ.

ಸಾವು ಸಂಭವಿಸಿದ ಏಳು ದಿನಗಳೊಳಗೆ ಪ್ರೊಬೇಟ್ ಕೊಡಕೂಡದೆಂದು ಕಾಯಿದೆ ಹೇಳುತ್ತದೆ. ಉಯಿಲಿಲ್ಲದೆ ಸತ್ತವರ ಆಸ್ತಿಗೆ ಕೊಡುವ ಆಡಳಿತಪತ್ರಕ್ಕಾದರೆ ಹದಿನಾಲ್ಕು ದಿನ. ಕಾಯಿದೆ ಬರೆದ ಇಂಗ್ಲಿಷರು ಏಳು ದಿನಗಳ ಗಡುವನ್ನು ಯಾವ ಲೆಕ್ಕದಲ್ಲಿ ಇಟ್ಟರೋ, ವೈಕುಂಠ ಸಮಾರಾಧನೆ ಮುಗಿಯುವ ಮೊದಲೇ ಅರ್ಜಿ ಹಿಡಿದು ಬರುವವನ ಮುಖವನ್ನು ನಮ್ಮ ಸಮಾಜ ಬೇರೆಯ ರೀತಿಯಲ್ಲಿಯೇ ನೋಡುತ್ತದೆ.

ಅರ್ಜಿ ಬಂದಿತೆನ್ನಿ. ಸತ್ತ ದಿನಾಂಕ, ಇದೇ ಕಡೆಯ ಉಯಿಲೆಂಬ ಹೇಳಿಕೆ, ಅದು ಕ್ರಮವಾಗಿ ಬರೆಯಲ್ಪಟ್ಟಿತೆಂಬ ಮಾತು, ಕೈಗೆ ಬರಬಹುದಾದ ಆಸ್ತಿಯ ಮೌಲ್ಯ, ಅರ್ಜಿದಾರನೇ ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕನೆಂಬ ವಿವರ, ಇವಿಷ್ಟೂ 276ನೆಯ ಕಲಮಿನಂತೆ ಇರಬೇಕು. ಅರ್ಜಿದಾರನ ಸತ್ಯಾಪನೆಯ ಜೊತೆಗೆ, ದೊರೆಯುವಂತಿದ್ದರೆ, ಉಯಿಲಿಗೆ ಸಾಕ್ಷಿ ಹಾಕಿದ ಒಬ್ಬನ ಸತ್ಯಾಪನೆಯೂ ಬೇಕು. ಗುಮಾಸ್ತ ಇವನ್ನು ಒಂದೊಂದಾಗಿ ಗುರುತು ಹಾಕುತ್ತ ಹೋಗುತ್ತಾನೆ. ಇದು ಯಾರು ಬೇಕಾದರೂ ಒಂದು ತಿಂಗಳಿನಲ್ಲಿ ಕಲಿಯಬಹುದಾದ ಕೆಲಸ. ಕಲಿಯಲು ವರ್ಷಗಳು ಹಿಡಿಯುವುದು ಮುಂದಿನದು: ಉಯಿಲಿನ ಮೂಲಪ್ರತಿಯನ್ನು ಕೈಯಲ್ಲಿ ಹಿಡಿದು ನೋಡುವುದು. ಓದುವುದಲ್ಲ, ನೋಡುವುದು.

ಹಾಳೆಗಳೆಲ್ಲ ಒಂದೇ ಬಗೆಯವೇ? ಮೂರನೆಯ ಹಾಳೆಯ ಶಾಯಿ ಮೊದಲೆರಡರದಕ್ಕಿಂತ ಹೊಸದಾಗಿ ಕಾಣುತ್ತದೆಯೇ? ಪ್ರತಿ ಪುಟದ ಕೆಳಗೂ ರುಜು ಇದೆಯೇ? ರುಜುವಿನ ಮೇಲೆ ಸ್ಥಳ ಸಾಲದೆ ಕಡೆಯ ಎರಡು ಸಾಲುಗಳನ್ನು ಇಕ್ಕಟ್ಟಾಗಿ ತುರುಕಿದಂತಿದೆಯೇ? ಇಂಗ್ಲೆಂಡಿನ ಪ್ರೊಬೇಟ್ ಕಛೇರಿಗಳಲ್ಲಿ ಈ ನೋಟ ಒಂದು ಸಂಪ್ರದಾಯವಾಗಿಯೇ ಬೆಳೆದಿದೆ. ಉಯಿಲಿನ ಅಂಚಿನಲ್ಲಿ ಗುಂಡುಸೂಜಿಯ ಎರಡು ತೂತುಗಳೋ ಕ್ಲಿಪ್ಪಿನ ತುಕ್ಕಿನ ಗುರುತೋ ಕಂಡರೆ, ಇದಕ್ಕೆ ಹಿಂದೆ ಯಾವ ಕಾಗದವನ್ನು ಸೇರಿಸಿತ್ತು, ಈಗ ಅದೆಲ್ಲಿ ಎಂದು ಅಲ್ಲಿಯವರು ಪ್ರಮಾಣಪೂರ್ವಕ ವಿವರಣೆ ಕೇಳುತ್ತಾರೆ. ಉಯಿಲನ್ನು ತಿದ್ದಿ ಬರೆದ ಇನ್ನೊಂದು ಚೀಟಿ ಅದರೊಡನೆ ಇದ್ದಿರಬಹುದಲ್ಲವೆ! ಹೀಗಾಗಿ, ಉಯಿಲಿಗೆ ಏನನ್ನೂ ಚುಚ್ಚಬೇಡಿ, ಚುಚ್ಚಿದುದನ್ನು ಕೀಳಬೇಡಿ ಎಂದು ಆ ದೇಶದ ವಕೀಲರು ಕಕ್ಷಿದಾರರಿಗೆ ಎಚ್ಚರಿಕೆ ಕೊಡುತ್ತಿರುತ್ತಾರೆ. ಬೀರುವಿನಲ್ಲಿ ತಂದೆಯ ಉಯಿಲನ್ನು ವಿದ್ಯುತ್ತಿನ ಬಿಲ್ಲುಗಳ ಜೊತೆ ಸೇರಿಸಿ ಪಿನ್ನು ಹಾಕಿಟ್ಟಿರುವ ಗೃಹಸ್ಥರು ಈ ಮಾತನ್ನು ಗಮನಿಸಬಹುದು.

ಸಾಲುಗಳ ನಡುವೆ ಸೇರಿಸಿದ ಬರಹವಂತೂ ಗುಮಾಸ್ತನ ಕಣ್ಣನ್ನು ತಕ್ಷಣ ಹಿಡಿದು ನಿಲ್ಲಿಸುತ್ತದೆ. ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧವಾದ ಉಯಿಲುಗಳಲ್ಲೊಂದು ಷೇಕ್ಸ್‌ಪಿಯರನದು. ಮೂರು ಹಾಳೆಗಳ ಆ ಪತ್ರದ ದಿನಾಂಕ 1616ರ ಮಾರ್ಚಿ 25. ಅದೇ ವರ್ಷ ಜೂನ್ 22ರಂದು ಕವಿಯ ಅಳಿಯ ಅದಕ್ಕೆ ಲಂಡನ್ನಿನಲ್ಲಿ ಪ್ರೊಬೇಟ್ ಪಡೆದನು. ಹೆಂಡತಿಗೆ ‘ಎರಡನೆಯ ಉತ್ತಮ ಮಂಚ’ವನ್ನು ಬಿಟ್ಟುಹೋದನೆಂದು ವಿದ್ವಾಂಸರು ಇಂದಿಗೂ ಚರ್ಚಿಸುವ ಆ ಸಾಲು ಮೂಲ ಬರವಣಿಗೆಯಲ್ಲಿ ಇಲ್ಲ, ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಆಮೇಲೆ ಸೇರಿಸಿದುದು. ಅದು ಪ್ರೀತಿಯೋ ಉಪೇಕ್ಷೆಯೋ ಎಂದು ಸಾಹಿತ್ಯದ ಪ್ರಾಧ್ಯಾಪಕರು ತಲೆ ಕೆಡಿಸಿಕೊಳ್ಳಲಿ. ಇಂದಿನ ಭಾರತೀಯ ನ್ಯಾಯಾಲಯದ ಗುಮಾಸ್ತನ ಕೈಗೆ ಅಂಥ ಪತ್ರ ಬಂದರೆ ಆತ ಕೇಳುವುದು ಒಂದೇ ಪ್ರಶ್ನೆ: ಈ ಸಾಲಿನ ಪಕ್ಕದಲ್ಲಿ ಬರೆಸಿದವನ ರುಜುವೂ ಸಾಕ್ಷಿಗಳ ರುಜುವೂ ಎಲ್ಲಿ? ಉಯಿಲು ಪೂರ್ಣವಾದ ಮೇಲೆ ಮಾಡಿದ ಯಾವ ತಿದ್ದುಪಡಿಯೂ, ಉಯಿಲಿಗೆ ಬೇಕಾದ ಕ್ರಮದಲ್ಲಿಯೇ ರುಜುವಾಗದಿದ್ದರೆ, ಲೆಕ್ಕಕ್ಕೆ ಬಾರದೆಂದು 71ನೆಯ ಕಲಮು ವಿಧಿಸಿದೆ.

ಕನ್ನಡದ ಹಳೆಯ ಕಾಗದಗಳನ್ನು ಓದುವುದಂತೂ ಒಂದು ವಿದ್ಯೆಯೇ ಸರಿ. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ, ‘ಚೆಕ್ಕುಬಂದಿ’ ಎಂದರೆ ಜಮೀನಿನ ನಾಲ್ಕು ಎಲ್ಲೆ, ಕೊನೆಯಲ್ಲಿ ‘ಬಿಕ್ಕಲಂ’ ಎಂದಿದ್ದರೆ ಮುಂದಿನ ಹೆಸರು ಬರೆದುಕೊಟ್ಟವನದು. ಶಾಸನಗಳ ಕಾಲದ ಸೇನಬೋವನ ಸಂತತಿಯವನಾದ ಈ ಬಿಕ್ಕಲಮಿನವನು ಸಾಕ್ಷಿಯಲ್ಲ, ಬರಹಗಾರ ಮಾತ್ರ. ಸಾಕ್ಷಿಯೆಂಬ ಭಾವನೆಯಿಂದ ಆತ ರುಜು ಹಾಕಿದನೇ, ಬರೆದವನೆಂದು ಮಾತ್ರ ಹಾಕಿದನೇ ಎಂಬುದರ ಮೇಲೆ, ಎರಡನೆಯ ಸಾಕ್ಷಿ ಇಲ್ಲದ ಕಡೆ, ಇಡೀ ಉಯಿಲೇ ನಿಲ್ಲಬಹುದು, ಬೀಳಬಹುದು. ಇನ್ನು ತಿಥಿಯ ತೊಡಕು. ಇಬ್ಬರು ಮಕ್ಕಳು ಎರಡು ಉಯಿಲುಗಳನ್ನು ತಂದರೆ ಯಾವುದು ಕಡೆಯದೆಂಬುದೇ ಎಲ್ಲ. ಒಂದರಲ್ಲಿ ‘1953ನೆಯ ಇಸವಿ ಡಿಸೆಂಬರು’ ಎಂದಿದೆ, ಇನ್ನೊಂದರಲ್ಲಿ ‘ವಿಜಯ ಸಂವತ್ಸರದ ಮಾಘ ಮಾಸ’ ಎಂದು ಮಾತ್ರ ಇದೆ ಎಂದುಕೊಳ್ಳಿ. ವಿಜಯ ಸಂವತ್ಸರ ಆರಂಭವಾದುದು 1953ರ ಯುಗಾದಿಯಲ್ಲಿ ನಿಜ. ಆದರೆ ಅದರ ಮಾಘ ಬರುವುದು 1954ರಲ್ಲಿ. ಪಂಚಾಂಗ ತಿಳಿಯದವನು ಎರಡನ್ನೂ 1953 ಎಂದು ಬರೆದುಬಿಟ್ಟರೆ ಕಡತದ ಮೊದಲ ಪುಟದಲ್ಲಿಯೇ ಹಿಂದುಮುಂದು. ಅರುವತ್ತು ವರ್ಷಗಳಿಗೊಮ್ಮೆ ಹೆಸರು ಮರಳುವುದರಿಂದ 2013ರಲ್ಲಿಯೂ ಒಂದು ವಿಜಯ ಬಂದಿತು!

ಉಯಿಲು ನಿಜವೇ ಸುಳ್ಳೇ ಎಂದು ತೀರ್ಮಾನಿಸುವುದು ಗುಮಾಸ್ತನ ಕೆಲಸವಲ್ಲ. ಆ ಕೆಲಸ ನ್ಯಾಯಾಧೀಶರದು. ಅವರಿಗೂ ದಾರಿದೀಪವಾಗಿರುವ ಒಂದು ತೀರ್ಪು ಮೈಸೂರಿನ ಕುಟುಂಬವೊಂದರ ವ್ಯಾಜ್ಯದಿಂದಲೇ ಹುಟ್ಟಿತೆಂಬುದನ್ನು ಕನ್ನಡಿಗರು ತಿಳಿದಿರಬೇಕು. ಹೆಂಗಸೊಬ್ಬರು ಬರೆಸಿದರೆಂಬ ಉಯಿಲು ಮೈಸೂರು ಹೈಕೋರ್ಟಿನಲ್ಲಿ ಬಿದ್ದುಹೋಗಿ, ಮೊಕದ್ದಮೆ ದೆಹಲಿಯವರೆಗೆ ಹೋಯಿತು. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ತೀರ್ಪಿತ್ತ ನ್ಯಾಯಮೂರ್ತಿ ಗಜೇಂದ್ರಗಡಕರರು, ಉಯಿಲನ್ನು ಮುಂದೊಡ್ಡುವವನೇ ಅದರ ಸುತ್ತಲಿನ ಸಂದೇಹಗಳನ್ನು ನಿವಾರಿಸಬೇಕೆಂದು ವಿಧಿಸಿದರು. ರುಜು ನಡುಗಿದೆಯೇ, ಬರೆಸಿದವರ ಬುದ್ಧಿ ಸ್ಥಿಮಿತದಲ್ಲಿದ್ದಿತೇ, ಹತ್ತಿರದವರನ್ನು ಕಾರಣವಿಲ್ಲದೆ ಹೊರಗಿಟ್ಟಿದೆಯೇ, ಬರೆಸುವುದರಲ್ಲಿ ಮುಂದಾಗಿ ಓಡಾಡಿದವನಿಗೇ ಹೆಚ್ಚಿನ ಲಾಭ ಬಂದಿದೆಯೇ, ಇವೆಲ್ಲವೂ ಸಂದೇಹದ ಸನ್ನಿವೇಶಗಳು. ಆ ಪ್ರಕರಣದಲ್ಲಿ ಸಂದೇಹ ನಿವಾರಣೆಯಾಗದೆ ಅಪೀಲು ವಜಾ ಆಯಿತು. ಇಷ್ಟು ವರ್ಷಗಳ ಮೇಲೆಯೂ ದೇಶದ ಯಾವ ಮೂಲೆಯ ಕೋರ್ಟಿನಲ್ಲಿ ಉಯಿಲಿನ ವಾದ ನಡೆದರೂ ವಕೀಲರು ಆ ತೀರ್ಪನ್ನು ಎತ್ತಿ ಓದುತ್ತಾರೆ. ಗುಮಾಸ್ತ ಅದನ್ನು ಓದಿರಬೇಕೆಂದು ಯಾವ ನಿಯಮವೂ ಇಲ್ಲ. ಓದಿದ್ದರೆ ಆತನ ಕಣ್ಣು ಮತ್ತಷ್ಟು ಚುರುಕಾದೀತು.

ಕಾಗದ ನೋಡುವುದಕ್ಕಿಂತಲೂ ದೊಡ್ಡ ಹೊಣೆ ಇನ್ನೊಂದುಂಟು. ಉಯಿಲಿನ ಅರ್ಜಿಗೆ ಎದುರುಪಕ್ಷವೆಂಬುದು ಸ್ವಭಾವತಃ ಇಲ್ಲ. ಸಾಲದ ಮೊಕದ್ದಮೆಯಲ್ಲಿ ಸಾಲಗಾರನ ಹೆಸರಿಲ್ಲದೆ ದಾವೆಯೇ ಹುಟ್ಟದು. ಇಲ್ಲಿಯಾದರೋ, ಅರ್ಜಿದಾರ ಯಾರ ಹೆಸರನ್ನು ಬರೆಯುತ್ತಾನೋ ಅವರಿಗೆ ಮಾತ್ರ ವಿಷಯ ತಿಳಿಯುತ್ತದೆ. ಅದಕ್ಕಾಗಿ ಕಾಯಿದೆ ‘ಸೈಟೇಷನ್’ ಎಂಬ ಪ್ರಕಟಣೆಯನ್ನು ಇಟ್ಟಿದೆ. ಮೃತರ ಆಸ್ತಿಯಲ್ಲಿ ಹಿತಾಸಕ್ತಿಯುಳ್ಳವರೆಲ್ಲರೂ ಪ್ರೊಬೇಟ್ ಕೊಡುವುದಕ್ಕೆ ಮೊದಲು ಬಂದು ನಡವಳಿಕೆಗಳನ್ನು ನೋಡಿರಿ ಎಂಬ ಕರೆ ಅದು. ನ್ಯಾಯಾಲಯದ ಎದ್ದು ಕಾಣುವ ಜಾಗದಲ್ಲಿ ಅಂಟಿಸಬೇಕು, ಜಿಲ್ಲಾಧಿಕಾರಿಗಳ ಕಛೇರಿಯಲ್ಲಿಯೂ ಅಂಟಿಸಬೇಕು, ನ್ಯಾಯಾಧೀಶರು ಹೇಳಿದಂತೆ ಪ್ರಕಟಿಸಬೇಕು. ದಿನಪತ್ರಿಕೆಯ ಒಳಪುಟದಲ್ಲಿ ಹೆಸರು ಬದಲಾವಣೆ, ಕಳೆದುಹೋದ ಅಂಕಪಟ್ಟಿಗಳ ನಡುವೆ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಬರುವ ಆ ಪ್ರಕಟಣೆಯನ್ನು ಓದುವ ಗೃಹಿಣಿ ಎಷ್ಟು ಮನೆಗಳಲ್ಲಿದ್ದಾಳು?

ಒಂದು ಅರ್ಜಿಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ತೀರಿಕೊಂಡಿದ್ದಾನೆ. ಹಿರಿಯ ಮಗ ಅರ್ಜಿದಾರ, ಕಿರಿಯನ ಒಪ್ಪಿಗೆಯೂ ಜೊತೆಯಲ್ಲಿದೆ. ಉಯಿಲಿನಂತೆ ಮನೆ ಇಬ್ಬರಿಗೂ. ಎಲ್ಲವೂ ಸರಿಯಾಗಿದೆ. ಆದರೆ ಉಯಿಲಿನ ಮೊದಲ ಪುಟದಲ್ಲಿ, ಮುದುಕನ ನಡುಗುವ ಅಕ್ಷರಗಳಲ್ಲಿ, ‘ನನ್ನ ಮೂವರು ಮಕ್ಕಳ ವಿದ್ಯಾಭ್ಯಾಸ ವಿವಾಹಾದಿಗಳನ್ನು ಪೂರೈಸಿರುತ್ತೇನೆ’ ಎಂದಿದೆ. ಅರ್ಜಿಯಲ್ಲಿರುವುದು ಎರಡು ಹೆಸರು. ಮೂರನೆಯವಳು ಬಹುಶಃ ಜಮಷೇಡ್‌ಪುರದಲ್ಲಿಯೋ ನಾಗಪುರದಲ್ಲಿಯೋ ಗಂಡನ ಮನೆಯಲ್ಲಿದ್ದಾಳೆ. ಕನ್ನಡ ಪತ್ರಿಕೆ ಅಲ್ಲಿಗೆ ಹೋಗುವುದಿಲ್ಲ. ವಕೀಲರಿಗೆ ಆಕೆಯ ವಿಷಯ ಯಾರೂ ಹೇಳಿಲ್ಲ. ನ್ಯಾಯಾಧೀಶರ ಮುಂದೆ ಆ ದಿನ ಎಂಬತ್ತು ಕಡತಗಳಿವೆ. ಆ ಸಾಲನ್ನು ಆಕೆಯ ಪರವಾಗಿ ಓದುವ ಕಣ್ಣು ಜಗತ್ತಿನಲ್ಲಿ ಒಂದೇ ಒಂದು ಉಳಿದಿದೆ. ಗುಮಾಸ್ತ ಪೆನ್ಸಿಲು ಇಟ್ಟು ಲೇಖನಿ ತೆಗೆದು, ಕಛೇರಿಯ ಆಕ್ಷೇಪಣೆಯ ಕೆಳಗೆ ಬರೆಯುತ್ತಾನೆ: ‘ಉಯಿಲಿನಲ್ಲಿ ಮೂವರು ಮಕ್ಕಳ ಪ್ರಸ್ತಾಪವಿದೆ. ಅರ್ಜಿಯಲ್ಲಿ ಇಬ್ಬರ ಹೆಸರಿದೆ. ವಿವರಣೆ ಬೇಕು.’

ಈ ಮೂರು ಪುಟ್ಟ ವಾಕ್ಯಗಳಿಂದ ಆಕೆಗೆ ಮನೆಯ ಪಾಲು ಬರುತ್ತದೆಯೆಂದಲ್ಲ. ಸ್ವಂತವಾಗಿ ಗಳಿಸಿದ ಆಸ್ತಿಯನ್ನು ತಂದೆ ಮನಸ್ಸು ಬಂದವರಿಗೆ ಬರೆಯಬಹುದು. ಮಗಳಿಗೆ ಬರಿಯ ಆಶೀರ್ವಾದ ಬರೆದರೂ ಕಾಯಿದೆ ಅಡ್ಡಿ ಬಾರದು. ಆದರೆ ‘ಇದು ಅಪ್ಪನ ರುಜು ಹೌದೇ’ ಎಂದು ನೋಡುವ, ‘ಅಲ್ಲ’ ಎನ್ನುವ ಅವಕಾಶ ಆಕೆಗೆ ಇರಬೇಕು. ಕರೆಯಬೇಕಾದವರನ್ನು ಕರೆಯದೆ ಪಡೆದ ಪ್ರೊಬೇಟನ್ನು ಆಮೇಲೆ ರದ್ದುಮಾಡಬಹುದೆಂದು 263ನೆಯ ಕಲಮು ಹೇಳುತ್ತದೆ ನಿಜ. ಅಷ್ಟು ಹೊತ್ತಿಗೆ ಮನೆ ಮಾರಾಟವಾಗಿ, ಕೆಡವಿ, ಅಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿರುತ್ತದೆ. ರದ್ದತಿಯ ಆಜ್ಞೆಗಿಂತ ಆ ಮೂರು ವಾಕ್ಯಗಳೇ ಮೇಲಲ್ಲವೇ?

ಮುಂಚೆಯೇ ಸುಳಿವು ಸಿಕ್ಕವರಿಗೆ ಕಾಯಿದೆಯಲ್ಲಿ ಮತ್ತೊಂದು ಸಾಧನವಿದೆ. ‘ಕೇವಿಯಟ್’ ಎಂದು ಹೆಸರು. ಇಂಥ ದಿನ ಇಂಥ ಊರಿನಲ್ಲಿ ತೀರಿಕೊಂಡ ಇಂಥವರ ಆಸ್ತಿಯ ವಿಷಯದಲ್ಲಿ ನನಗೆ ತಿಳಿಸದೆ ಏನನ್ನೂ ಮಾಡಕೂಡದೆಂಬ ಅರ್ಥದ ಒಂದು ಚಿಕ್ಕ ಕಾಗದ. ಅದು ಬಂದ ಮೇಲೆ, ಸಲ್ಲಿಸಿದವರಿಗೆ ತಿಳಿವಳಿಕೆ ಹೋಗುವವರೆಗೆ ಅರ್ಜಿ ಒಂದು ಹೆಜ್ಜೆಯೂ ಮುಂದೆ ಸರಿಯುವಂತಿಲ್ಲ. ತಕರಾರು ಎದ್ದರೆ ಅರ್ಜಿ ದಾವೆಯ ರೂಪವನ್ನೇ ತಾಳುತ್ತದೆ. ಇಷ್ಟು ಶಕ್ತಿಯುಳ್ಳ ಆ ಕಾಗದವನ್ನು ವಹಿಯಲ್ಲಿ ದಾಖಲು ಮಾಡಿ, ಅರ್ಜಿ ಬಂದಾಗ ಹುಡುಕಿ ತೆಗೆದು ಕಟ್ಟಿಗೆ ಸೇರಿಸಬೇಕಾದವನು ಗುಮಾಸ್ತ. ಈಗ ಗಣಕಯಂತ್ರ ಹೆಸರಿಗೆ ಹೆಸರು ಹೊಂದಿಸಿ ತೋರಿಸುತ್ತದೆ. ಆದರೆ ಕೇವಿಯಟ್ಟಿನಲ್ಲಿ ‘ವೆಂಕಟಸುಬ್ಬಯ್ಯ’ ಎಂದೂ ಅರ್ಜಿಯಲ್ಲಿ ‘ಬಿ. ವಿ. ಸುಬ್ಬಯ್ಯ’ ಎಂದೂ ಇದ್ದರೆ ಯಂತ್ರ ಎರಡನ್ನೂ ಬೇರೆಯೆಂದೇ ಎಣಿಸುವ ಅಪಾಯವಿದೆ. ಇಬ್ಬರೂ ಒಂದೇ ಬೀದಿಯ ಒಂದೇ ಮನೆಯಲ್ಲಿ ಒಂದೇ ದಿನ ಸತ್ತುದನ್ನು ಗಮನಿಸಬೇಕಾದುದು ಮನುಷ್ಯನೇ.

ಇಷ್ಟೆಲ್ಲ ತಿಳಿದವನಿಗೆ ಬಾಯಿ ಮಾತ್ರ ಕಟ್ಟಿದೆ. ವಯಸ್ಸಾದ ವಿಧವೆಯೊಬ್ಬರು ಸೆರಗಿನಲ್ಲಿ ಸುತ್ತಿ ತಂದ ಕಾಗದವನ್ನು ಮೇಜಿನ ಮೇಲಿಟ್ಟು ಕೇಳುತ್ತಾರೆ:

“ಸ್ವಾಮಿ, ಇದು ನಮ್ಮ ಯಜಮಾನರ ಕೈಬರಹ. ಇದು ನಿಲ್ಲುತ್ತದೆಯೋ ಇಲ್ಲವೋ, ಅಷ್ಟು ಹೇಳಿಬಿಡಿ.”

“ಅದನ್ನು ಹೇಳುವ ಅಧಿಕಾರ ನನಗಿಲ್ಲ ತಾಯಿ. ಯಾವ ಯಾವ ಕಾಗದ ಬೇಕು ಎಂಬುದನ್ನು ಹೇಳಬಲ್ಲೆ.”

“ನೋಡಿದರೆ ನಿಮಗೆ ಗೊತ್ತಾಗುವುದಿಲ್ಲವೇ?”

ಗೊತ್ತಾಗಿದೆ. ಸಾಕ್ಷಿಯ ಸ್ಥಳದಲ್ಲಿ ಒಂದೇ ರುಜು ಇರುವುದನ್ನು ಆತ ಆಗಲೇ ಕಂಡಿದ್ದಾನೆ. ಆದರೂ ಹೇಳಬಾರದು. ಇಂದು ಈ ತಾಯಿಗೆ ಸಲಹೆ ಕೊಟ್ಟವನು ನಾಳೆ ಇವರ ಮೈದುನನಿಗೂ ಕೊಡಬೇಕಾದೀತು. ನಾಡಿದ್ದು ಆತ ಬರೆದ ಆಕ್ಷೇಪಣೆಯನ್ನು ಯಾರೂ ನಂಬುವುದಿಲ್ಲ. ಅಮೆರಿಕದ ಪ್ರೊಬೇಟ್ ಗುಮಾಸ್ತನಿಗೂ ಇದೇ ಕಟ್ಟು: ನಮೂನೆ ಕೊಡಬಹುದು, ಸಲಹೆ ಕೊಡಕೂಡದು. ಕಠಿಣವೆನಿಸುವ ಈ ನಿಯಮ ನಿರ್ದಯವಾಗಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ ವರಮಾನದ ಪ್ರಶ್ನೆಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಅದರ ಕಛೇರಿಯ ಬಾಗಿಲನ್ನು ತೋರಿಸಿ, ಜವಾನನೊಬ್ಬನನ್ನು ಜೊತೆಗೆ ಕಳಿಸಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಮೋರೆ ತಿರುಗಿಸಿ ‘ವಕೀಲರನ್ನು ಕೇಳಿ’ ಎನ್ನುವ ಗುಮಾಸ್ತನಿಗೂ ಇಷ್ಟು ಮಾಡುವವನಿಗೂ ಸಂಬಳ ಒಂದೇ ಎಂಬುದು ವಿಷಾದದ ಸಂಗತಿ.

ಇಂಥ ಕೆಲಸಕ್ಕೆ ಸರ್ಕಾರ ಕೇಳುವ ಅರ್ಹತೆಯನ್ನು ಕಂಡರೆ ಆಶ್ಚರ್ಯವಾದೀತು. ಜಿಲ್ಲಾ ನ್ಯಾಯಾಲಯದ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಲು ಪದವಿಪೂರ್ವ ಪರೀಕ್ಷೆಯ ತೇರ್ಗಡೆ ಸಾಕು. ಬೆರಳಚ್ಚುಗಾರನಾಗಿ ಸೇರುವುದಾದರೆ ಬೆರಳಚ್ಚಿನ ಪರೀಕ್ಷೆಯೂ ಆಗಿರಬೇಕು. ಬಡ್ತಿ ದೊರೆಯುತ್ತ ಹೋದರೆ ಪ್ರಥಮ ದರ್ಜೆ ಸಹಾಯಕ, ಕೊನೆಗೆ ಶಿರಸ್ತೇದ��ರ. ಕಾನೂನು ಪದವಿಯನ್ನು ಯಾರೂ ಕೇಳುವುದಿಲ್ಲ. 1967ರ ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್ ಎಂಬ ಕೈಪಿಡಿಯೂ ಹಿರಿಯ ಸಹೋದ್ಯೋಗಿಯ ಗದರಿಕೆಯೂ ಸೇರಿ ಆತನನ್ನು ತಯಾರು ಮಾಡುತ್ತವೆ. ಇಂದು ಆ ಕುರ್ಚಿಗಳಲ್ಲಿ ಹೆಣ್ಣುಮಕ್ಕಳೂ ಕುಳಿತಿದ್ದಾರೆ. ಬಿಟ್ಟುಹೋದ ಮಗಳ ಹೆಸರು ಅವರ ಕಣ್ಣಿಗೆ ಬೇಗ ಬಿದ್ದರೆ ಆಶ್ಚರ್ಯವಿಲ್ಲ.

ದುಡಿಯುವ ಗುಮಾಸ್ತನಿಗೆ ಕಡಿಮೆ, ಹೆಸರಿನ ಅಧಿಕಾರಿಗೆ ಹೆಚ್ಚು ಎಂಬ ರೀತಿ ಇಂದಿನದಲ್ಲ. ಇಂಗ್ಲೆಂಡಿನಲ್ಲಿ ಉಯಿಲುಗಳ ವಿಚಾರ 1858ಕ್ಕೆ ಮೊದಲು ಚರ್ಚಿನ ನ್ಯಾಯಾಲಯಗಳ ಕೈಯಲ್ಲಿತ್ತು. ದೊಡ್ಡ ಹುದ್ದೆಗಳವರು ಕೆಲಸವಿಲ್ಲದೆ ದೊಡ್ಡ ವರಮಾನ ಪಡೆಯುತ್ತಿದ್ದರು. ಮಹಡಿಯ ತಣ್ಣನೆಯ ಕತ್ತಲೆ ಕೋಣೆಯಲ್ಲಿ ನಿಜವಾಗಿ ದುಡಿಯುವ ಗುಮಾಸ್ತರಿಗೆ ಎಲ್ಲರಿಗಿಂತ ಕಡಿಮೆ. ತರುಣನಾಗಿದ್ದಾಗ ಆ ನ್ಯಾಯಾಲಯಗಳಲ್ಲಿ ಶೀಘ್ರಲಿಪಿಗಾರನಾಗಿ ದುಡಿದ ಡಿಕನ್ಸ್ ಇದನ್ನು ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಚೆನ್ನಾಗಿ ಲೇವಡಿ ಮಾಡಿದ್ದಾನೆ. ಅಮೂಲ್ಯ ಉಯಿಲುಗಳನ್ನು ಭದ್ರವಲ್ಲದ ಕಟ್ಟಡದಲ್ಲಿ ತುಂಬಿದ್ದುದೂ ಆತನ ಕೋಪಕ್ಕೆ ಕಾರಣ. 

ಮೂಲಪ್ರತಿಯನ್ನು ಕಾಯುವುದು ಗುಮಾಸ್ತನ ಕಡೆಯ ಮತ್ತು ಅತಿ ದೀರ್ಘವಾದ ಕೆಲಸ. ಪ್ರೊಬೇಟ್ ಕೊಟ್ಟ ಮೇಲೆ ಉಯಿಲು ಮನೆಗೆ ಮರಳುವುದಿಲ್ಲ. ಅದನ್ನು ನ್ಯಾಯಾಲಯದ ದಫ್ತರಿನಲ್ಲಿಯೇ ಉಳಿಸಿ ಕಾಪಾಡಬೇಕೆಂದು 294ನೆಯ ಕಲಮು ಹೇಳುತ್ತದೆ. ಇಲಿ, ಗೆದ್ದಲು, ಮಳೆಗಾಲದ ಸೋರಿಕೆಗಳು ಕಾಯಿದೆಯನ್ನು ಓದಿದವಲ್ಲ. ಎಲ್ಲವನ್ನೂ ಛಾಯಾಚಿತ್ರವಾಗಿಸಿ ಯಂತ್ರದಲ್ಲಿ ಇಟ್ಟರಾಯಿತಲ್ಲ ಎಂಬ ವಾದ ಈಗ ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತದೆ. 2023ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸರ್ಕಾರ ಇಪ್ಪತ್ತೈದು ವರ್ಷ ಕಳೆದ ಉಯಿಲುಗಳ ಯಾಂತ್ರಿಕ ಪ್ರತಿ ಇಟ್ಟುಕೊಂಡು, ಪ್ರಸಿದ್ಧರವನ್ನು ಬಿಟ್ಟು ಉಳಿದ ಮೂಲಗಳನ್ನು ನಾಶಮಾಡುವ ಪ್ರಸ್ತಾಪವನ್ನು ಮುಂದಿಟ್ಟಿತು. ಇತಿಹಾಸಕಾರರು ಸಿಡಿದೆದ್ದರು. ಅವರ ಕೋಪ ನ್ಯಾಯವಾದುದು. ಸಾಮಾನ್ಯನ ಉಯಿಲು ಪ್ರಸಿದ್ಧನ ಉಯಿಲಿಗಿಂತ ಅಗ್ಗವೆಂದು ಹೇಳುವವರಾರು? ಅಲ್ಲದೆ ಗುಂಡುಸೂಜಿಯ ತೂತೂ, ಲೇಖನಿ ಒತ್ತಿದ ಆಳವೂ, ಎರಡು ಬಗೆಯ ಶಾಯಿಯೂ ಛಾಯಾಚಿತ್ರದಲ್ಲಿ ಅರ್ಧ ಸತ್ತುಹೋಗುತ್ತವೆ.

ಮೂಲ ಕೋರ್ಟಿನಲ್ಲಿ ಉಳಿಯುವುದರಿಂದ ನಿರ್ವಾಹಕನಿಗೆ ಕೊಡುವ ಪ್ರೊಬೇಟಿಗೆ ಉಯಿಲಿನ ನಕಲನ್ನು ಲಗತ್ತಿಸುತ್ತಾರೆ. ಆರು ತಿಂಗಳಲ್ಲಿ ಆಸ್ತಿಯ ಪಟ್ಟಿ, ಒಂದು ವರ್ಷದಲ್ಲಿ ಲೆಕ್ಕ ಒಪ್ಪಿಸತಕ್ಕದ್ದೆಂದು ತಿಳಿಸಿ, ಆ ತಾರೀಖುಗಳನ್ನು ವಹಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ನಕಲು ಸಿದ್ಧವಾದ ಮೇಲೆ ತಾಳೆ ನೋಡುವ ಕ್ರಮವಿದೆ. ಒಬ್ಬ ಮೂಲವನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ನಕಲಿನ ಮೇಲೆ ಬೆರಳಿಟ್ಟು ನೋಡುತ್ತಾನೆ. ಹೊಸದಾಗಿ ಸೇರಿದ ಹುಡುಗರು ಇಲ್ಲಿ ಸಾಮಾನ್ಯವಾಗಿ ಎಡವುತ್ತಾರೆ. ವಿದ್ಯಾವಂತರಾದ ಅವರ ಕೈ ಮುದುಕನ ಕಾಗುಣಿತವನ್ನು ತಾನಾಗಿಯೇ ತಿದ್ದಿಬಿಡುತ್ತದೆ. ‘ಹೆಂಡ್ತಿಗೆ’ ಎಂದಿದ್ದುದು ‘ಹೆಂಡತಿಗೆ’ ಆಗುತ್ತದೆ, ‘ಸಾವಿತ್ರೀ’ ಎಂಬುದು ‘ಸಾವಿತ್ರಿ’ ಆಗುತ್ತದೆ. ಹಿರಿಯ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ, ಆ ಹಾಳೆಯನ್ನು ಪಕ್ಕಕ್ಕಿಟ್ಟು, ಹೊಸ ಹಾಳೆ ಕೊಡುತ್ತಾನೆ: “ಅವರು ಹೇಗೆ ಬರೆದಿದ್ದಾರೋ ಹಾಗೇ ಬರೆಯಪ್ಪ.”